ಸೀಟು ಸಿಕ್ಕಿದೆ, ಕಳಿಸುತ್ತೇವೆ

ಮಗಳಿಗೆ ನಮ್ಮ ಬೀದರ್ ಜಿಲ್ಲೆಯ ನವೋದಯದಲ್ಲಿ, ಅಂದರೆ ಕೇಂದ್ರ ಸರ್ಕಾರದ ವಸತಿ ಶಾಲೆಯಲ್ಲಿ, ಆರನೇ ತರಗತಿಗೆ ಸೀಟು ಸಿಕ್ಕಿದೆ. ಪೇಢೆ ತಿಂದವರೇ ಕೇಳುತ್ತಿದ್ದಾರೆ, "ಹೆಣ್ಣುಹುಡುಗಿಗಿ ಔರಾದ್ ಬಿಟ್ಟು ಬಸವಕಲ್ಯಾಣದ ಕಡಿ ಹಾಸ್ಟೆಲಿಗಿ ಯಾಕ ಕಳಸ್ತೀರಿ?" ಗಂಡುಹುಡುಗನಾಗಿದ್ದರೆ ಯಾರೂ ಹೀಗೆ ಕೇಳುತ್ತಿರಲಿಲ್ಲ. ಒಂದು ಶಾಲೆಗೆ 80 ಸೀಟು. ಅದರಲ್ಲಿ ನೂರಕ್ಕೆ 75 ಹಳ್ಳಿ ಮಕ್ಕಳಿಗೆ, ಮೂರರಲ್ಲಿ ಒಂದು ಪಾಲು ಹೆಣ್ಣುಮಕ್ಕಳಿಗೆ ಅಂತ ನಿಯಮ ಮಾಡಿದ್ದೇ ನನ್ನ ಮಗಳಂಥವರು ಹಿಂದೆ ಉಳಿಯಬಾರದು ಅಂತ.

ಪ್ರವೇಶ ಪರೀಕ್ಷೆಯ 80 ಪ್ರಶ್ನೆಗಳಲ್ಲಿ 40 ಆಕೃತಿಗಳ ಮೇಲೆಯೇ. ನಾಲ್ಕರಲ್ಲಿ ಬೇರೆ ಯಾವುದು ಅಂತ ನಾನು ಪುಸ್ತಕ ತಿರುಗಿಸಿ ತಿರುಗಿಸಿ ನೋಡುವಷ್ಟರಲ್ಲಿ ಅವಳು ಬೆರಳಿಟ್ಟು, "ಇದರ ಬಾಲ ಎಡಕ್ಕದ, ಉಳದ ಮೂರರದು ಬಲಕ್ಕ" ಅಂತಿದ್ದಳು. ಊರಿನ ಶಾಲೆಯಲ್ಲಿ ನಾಲ್ಕು, ಐದು ಎರಡೂ ಒಂದೇ ಕೋಣೆ, ಒಬ್ಬರೇ ಮೇಷ್ಟ್ರು. ಲೆಕ್ಕ ಬೇಗ ಮುಗಿಸಿ ಸಣ್ಣವರ ಪಾಟಿ ತಿದ್ದುತ್ತಾ ಕೂಡುತ್ತಿದ್ದಳು. ಮೇಷ್ಟ್ರ ತಪ್ಪಲ್ಲ, ಒಬ್ಬ ಮನುಷ್ಯ ಎಷ್ಟಂತ ಮಾಡಬೇಕು?

ಹೆದರಿಕೆ ನಮಗೂ ಇದೆ. ಇನ್ನೂ ತಲೆ ಬಾಚಿಕೊಳ್ಳಲು ಅವ್ವ ಬೇಕು. ಒಂಬತ್ತನೇ ತರಗತಿಯಲ್ಲಿ ನೂರಕ್ಕೆ 30 ಮಕ್ಕಳನ್ನು ಒಂದು ವರ್ಷ ಹಿಂದಿ ರಾಜ್ಯದ ನವೋದಯಕ್ಕೆ ಕಳಿಸುತ್ತಾರೆ, ಅದನ್ನು ಕೇಳಿ ಅವಳ ಅಜ್ಜಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಕೊನೆಗೆ ಅವಳನ್ನೇ ಕೇಳಿದೆವು. "ಹೋಗ್ತೀನಿ. ಬ್ಯಾಸರಾದ್ರ ವಾಪಸ್ ಕರಕೊಂಡು ಬರ್ತೀರಿಲ್ಲ?" ಅಂದಳು. ಬರ್ತೀವಿ ಅಂತ ಮಾತು ಕೊಟ್ಟಿದ್ದೇವೆ. "ಹಂಗಂದ್ರ ಸೀಟು ಹಾಳಾಗ್ತದ" ಅನ್ನುವವರಿಗೆ ನನ್ನ ಉತ್ತರ ಇಷ್ಟೇ: ಮಗು ಅಳುತ್ತಾ ಅಲ್ಲೇ ಉಳಿದರೆ ಹಾಳಾಗುವುದು ಸೀಟಲ್ಲ.

ಇದೇ ಕಾರಣಕ್ಕೆ ನಾಲ್ಕನೇ ತರಗತಿಯ ಮಕ್ಕಳನ್ನು ಈ ಒಂದು ಪರೀಕ್ಷೆಗಾಗಿ ಕೋಚಿಂಗ್ ಹಾಸ್ಟೆಲಿಗೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಬರೆಯಲು ಸಿಗುವುದು ಒಂದೇ ಸಲ, ನಿಜ. ಹಾಗಂತ ಒಂಬತ್ತು ವರ್ಷದ ಮಗುವಿಗೆ ಬೆಳಗಿನ ಜಾವ ಐದಕ್ಕೆ ಎಬ್ಬಿಸಿ ಲೆಕ್ಕ ಮಾಡಿಸುವುದೇ? ಸೀಟು ಸಿಗದಿದ್ದರೆ ಆ ಮಗುವಿಗೆ ನಾವು ಏನು ಹೇಳುತ್ತೇವೆ?

ಮಗಳ ಜೊತೆ ಬರೆದ ಊರಿನ ಉಳಿದ ಮಕ್ಕಳಿಗೆ ಸೀಟು ಸಿಕ್ಕಿಲ್ಲ. ಅವರಲ್ಲಿ ಒಬ್ಬ ಹುಡುಗ ಲೆಕ್ಕದಲ್ಲಿ ಇವಳಿಗಿಂತ ಚುರುಕು. ಸಣ್ಣವನಾದ ನನ್ನ ಮಗ ಮುಂದಿನ ವರ್ಷ ಅದೇ ಕೋಣೆಯಲ್ಲಿ ಕೂಡುವವನು. ನಮ್ಮ ಶಾಲೆಗೆ ಇನ್ನೊಬ್ಬ ಮೇಷ್ಟ್ರು ಬೇಕೇ ಬೇಕು. ಬರುವ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಸಮಿತಿ) ಸಭೆಯಲ್ಲಿ ಠರಾವು ಮಾಡಿಸಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಕೊಡುವವನಿದ್ದೇನೆ. ಊರಿನ ಪಾಲಕರು ದಯವಿಟ್ಟು ಸಹಿ ಹಾಕಲು ಬರ್ರಿ.