ಶುಗರ್‌ಗೆ ಒಳ್ಳೇದಂತೆ!

ಬೆಂಗಳೂರಿನ ತುರಹಳ್ಳಿಯಂಥ ಕುರುಚಲು ಕಾಡಿಗೆ ಗಿಡ ನೋಡಲು ಹೋಗುವವರಿಗೆ ಮುಳ್ಳಿನ ಕಾಟ ಹೊಸದಲ್ಲ. ಕಾರೆ ಗೀರುತ್ತದೆ, ಉತ್ತರಾಣಿ ಪ್ಯಾಂಟಿಗಂಟಿಕೊಂಡು ಮನೆಯವರೆಗೂ ಬರುತ್ತದೆ. ಅದನ್ನೆಲ್ಲ ಸಹಿಸಬಹುದು. ವಾಕಿಂಗ್ ಅಂಕಲ್‌ಗಳನ್ನು ಸಹಿಸುವುದೇ ಕಷ್ಟ. ಬಗ್ಗಿ ಬಳ್ಳಿಯೊಂದರ ಎಲೆ ನೋಡುತ್ತಿದ್ದರೆ ಹಿಂದಿನಿಂದ ಕೈಯೊಂದು ಬಂದು ಆ ಎಲೆಯನ್ನೇ ಚಿವುಟುತ್ತದೆ. "ಶುಗರ್‌ಗೆ ಒಳ್ಳೇದು ರೀ ಇದು!" ತಂಗಡಿ ಹೂವೂ ಶುಗರ್‌ಗೆ, ಅಮೃತಬಳ್ಳಿಯೂ ಶುಗರ್‌ಗೆ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ. ಪಾಪ, ಆಡಾದರೂ ಮೂಸಿ ನೋಡಿ ಬಾಯಿ ಹಾಕುತ್ತದೆ.

ಮಧುನಾಶಿನಿ ಬಳ್ಳಿ ಸಿಕ್ಕರಂತೂ ಮುಗಿಯಿತು. ಎದುರುಬದುರು ಎಲೆ, ಮೇಲೆ ನವಿರು ರೋಮ, ಎಲೆಯ ಕಂಕುಳಲ್ಲಿ ಪುಟಾಣಿ ಹಳದಿ ಹೂಗೊಂಚಲು. ಅದರ ಜಿಮ್ನೆಮಿಕ್ ಆಮ್ಲ ನಾಲಿಗೆಗೆ ಸಿಹಿ ತಿಳಿಯದಂತೆ ಮಾಡುತ್ತದೆ. ಸುಮಾರು ಅರ್ಧ ಗಂಟೆ ಸಕ್ಕರೆ ಬರೀ ಮರಳು. ಅಂಕಲ್ ನಾಲ್ಕು ಎಲೆ ಅಗಿದು ನೇರ ದರ್ಶಿನಿಗೆ ಹೋಗುತ್ತಾರೆ. ಮೊದಲ ಗುಟುಕಿಗೇ ಮುಖ ಕಿವುಚಿ, "ಏನಪ್ಪಾ, ಸಕ್ಕರೆನೇ ಹಾಕಿಲ್ವಲ್ಲ!" ಹುಡುಗ ಒಂದು ಚಮಚ ಹಾಕುತ್ತಾನೆ. "ಕಲಸಿದ್ಯಾ?" ಕಲಸುತ್ತಾನೆ. ಇನ್ನೊಂದು ಚಮಚ. "ಈಗ ಸಕ್ಕರೆಗೂ ಕಲಬೆರಕೆ ಬಂತು ನೋಡಿ" ಎಂದು ಪಕ್ಕದಲ್ಲಿ ನಿಂತವರಿಗೆ ವರದಿ. ಮೂರನೆಯ ಚಮಚಕ್ಕೆ ಕಾಫಿ ಪಾಯಸವಾಗಿರುತ್ತದೆ. ಹುಡುಗ ಡಬ್ಬಿಯನ್ನೇ ಮುಂದಿಟ್ಟು ಒಳಗೆ ಹೋಗಿರುತ್ತಾನೆ. ನಾಲಿಗೆಗೆ ತಿಳಿಯದಿದ್ದರೂ ಆ ಸಕ್ಕರೆಯೆಲ್ಲ ರಕ್ತಕ್ಕೆ ಸೇರಿಯೇ ಸೇರುತ್ತದೆ.

ಇದು ನಗುವ ಮಾತಾಯಿತು. ಆಡುಮುಟ್ಟದ ಬಳ್ಳಿಯದೂ ಎದುರುಬದುರು ಎಲೆಯೇ. ಮಧುನಾಶಿನಿಯೆಂದು ಅದನ್ನು ಅಗಿದರೆ ವಾಂತಿ ಗ್ಯಾರಂಟಿ. ಈಶ್ವರಿ ಬಳ್ಳಿಯ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡಕ್ಕೇ ಕೈ ಹಾಕುತ್ತದೆ. ಆದರೆ ಕ್ರಿಮ್ಸನ್ ರೋಸ್ ಚಿಟ್ಟೆಯ ಮರಿಹುಳಕ್ಕೆ ಈ ಬಳ್ಳಿಯ ಕುಟುಂಬ ಬಿಟ್ಟು ಬೇರೆ ಊಟವಿಲ್ಲ. ಬುಡದಿಂದ ಕಿತ್ತೊಯ್ದ ಜಾಗದಲ್ಲಿ ಕಪ್ಪು ರೆಕ್ಕೆ, ಕೆಂಪು ಮೈಯ ತಾಯಿಚಿಟ್ಟೆ ಪಕ್ಕದ ಎಲೆಗಳ ಮೇಲೆಲ್ಲ ಕಾಲೂರಿ, ರುಚಿ ನೋಡಿ, ಮೊಟ್ಟೆಯಿಡದೆ ಹಾರಿಹೋಗುವುದನ್ನು ನೋಡುವಾಗ ಅಂಕಲ್ ಮೇಲಿನ ನಗು ಬತ್ತುತ್ತದೆ.

ವಿಚಿತ್ರವೆಂದರೆ, ಅಮೆರಿಕದ ಉಷ್ಣವಲಯದಿಂದ ಬಂದು ಕಾಡನ್ನೆಲ್ಲ ನುಂಗಿದ ಲಂಟಾನವನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ವಾಟ್ಸಾಪಿನಲ್ಲಿ ಅದಕ್ಕಿನ್ನೂ ಪ್ರಚಾರ ಸಿಕ್ಕಿಲ್ಲ. ದಯವಿಟ್ಟು ಕೈ ತುರಿಸಿದವರು ಅರಣ್ಯ ಇಲಾಖೆಯ ಅನುಮತಿ ಪಡೆದು, ಗುದ್ದಲಿ ಹಿಡಿದು ಅಲ್ಲಿಗೆ ಬನ್ನಿ. ಮೇಲೆ ಸವರಿದರೆ ದುಪ್ಪಟ್ಟು ಚಿಗುರುತ್ತದೆ. ನೆಲದಿಂದ 3–5 ಸೆಂ.ಮೀ. ಕೆಳಗೆ ಬೇರು ಕಡಿದು, ಮತ್ತೆ ಬೇರು ಬಿಡದಂತೆ ಪೊದೆಯನ್ನು ತಲೆಕೆಳಗಾಗಿ ನಿಲ್ಲಿಸಬೇಕು. ಎಲೆ ಮಾತ್ರ ಬಾಯಿಗೆ ಬೇಡ, ದನಗಳಿಗೂ ಅದು ವಿಷ.