ಹಳ್ಳಿಯ ಕಣ್ಣು ತಪಾಸಣೆಗೆ ಎಐ: ಈಗಲೇ ಬರಲಾ, ತಡೆದು ಬರಲಾ?

ಸಕ್ಕರೆ ಕಾಯಿಲೆ ಇರುವವರ ಕಣ್ಣಿನ ರೆಟಿನಾದ, ಅಂದರೆ ಕಣ್ಣಿನ ಒಳಗಿನ ಹಿಂಬದಿಯ ಪರದೆಯ, ಫೋಟೊ ತೆಗೆಯುವುದು. ಅದನ್ನು ಎಐಗೆ ಕೊಡುವುದು. 'ಇವರನ್ನು ಕಣ್ಣಿನ ಡಾಕ್ಟರ ಹತ್ತಿರ ಕಳಿಸಿ' ಅಥವಾ 'ಸದ್ಯಕ್ಕೆ ಬೇಡ' ಅಂತ ಅದು ಹೇಳುತ್ತದೆ. ಇಂಥ ತಪಾಸಣೆ ನಮ್ಮ ವಿಜಯಪುರ ಜಿಲ್ಲೆಯ ಹಳ್ಳಿಗಳಿಗೆ ಈಗಲೇ ಬರಬೇಕಾ? ನಮ್ಮ ಮನೆಯಲ್ಲಿ ಈ ಜಗಳಕ್ಕೆ ತಟ್ಟೆಯಲ್ಲಿನ ರೊಟ್ಟಿ ಆರಿ ಸೆಟೆದದ್ದೂ ಇದೆ. ಎರಡೂ ಕಡೆಯ ವಾದವನ್ನು ನಾನೇ ಬರೆದಿದ್ದೇನೆ. ನನ್ನ ಮನಸ್ಸು ಎತ್ತ ವಾಲಿದೆ ಅನ್ನೋದು ಓದುವಾಗ ಗೊತ್ತಾಗಿಬಿಡುತ್ತದೆ, ಮುಚ್ಚಿಡುವುದಿಲ್ಲ.

ಪರ: ಈಗಲೇ ಬರಲಿ

ನಮ್ಮ ದೊಡ್ಡವ್ವ ಸಿಂದಗಿ ಕಡೆಯ ಹಳ್ಳಿಯವಳು. ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷದ ಮೇಲಾಗಿತ್ತು. ಗುಳಿಗೆ ತಪ್ಪದೆ ನುಂಗುತ್ತಿದ್ದಳು, ಕಣ್ಣು ಮಾತ್ರ ಒಮ್ಮೆಯೂ ತೋರಿಸಿರಲಿಲ್ಲ. ನೋವಿಲ್ಲ, ಕೆಂಪಿಲ್ಲ, ಯಾಕೆ ತೋರಿಸಬೇಕು? ಮಂಜಾಗತೊಡಗಿದಾಗಲೂ "ಕಣ್ಣಾಗ ಪೊರಿ ಬಂದೈತಿ, ಸುಗ್ಗಿ ಮುಗೀಲಿ, ತಗಿಸ್ಕೊಂಡ್ರಾತು" ಅಂದಳು. ಸುಗ್ಗಿ ಮುಗಿಸಿ ವಿಜಯಪುರಕ್ಕೆ ಕರೆತಂದಾಗ ಗೊತ್ತಾಯಿತು, ಅದು ಪೊರೆ ಅಲ್ಲ. ರೆಟಿನಾದ ಸಣ್ಣ ರಕ್ತನಾಳಗಳು ಸೋರಿ, ಎಡಗಣ್ಣು ಬಹುಪಾಲು ಹೋಗಿಬಿಟ್ಟಿತ್ತು.

ಸಕ್ಕರೆಯಿಂದ ರೆಟಿನಾ ಹಾಳಾಗುವ ಈ ಕಾಯಿಲೆ ಹೀಗೇ, ಸದ್ದಿಲ್ಲದೆ ಬರುತ್ತದೆ. ಮೊದಲೇ ಸಿಕ್ಕರೆ ಲೇಸರ್, ಇಂಜೆಕ್ಷನ್ ಮಾಡಿ ಇರುವ ದೃಷ್ಟಿಯನ್ನು ಕಾಪಾಡಬಹುದು. ಅದಕ್ಕೇ ಸಕ್ಕರೆ ಇದ್ದವರು ವರ್ಷಕ್ಕೊಮ್ಮೆ ಕಣ್ಣು ತೋರಿಸಿ ಅನ್ನುತ್ತಾರೆ. ಹೇಳೋದು ಸುಲಭ. ಹಳ್ಳಿಯಿಂದ ವಿಜಯಪುರಕ್ಕೆ ಬಂದರೆ ಒಂದು ದಿನದ ಕೂಲಿ ಹೋಯಿತು. ಕಣ್ಣಿಗೆ ಹನಿ ಹಾಕಿದರೆ ಕೆಲವು ಗಂಟೆ ಎಲ್ಲಾ ಮಂಜು, ಹಾಗಾಗಿ ಜೊತೆಗೊಬ್ಬರು ಬೇಕು. ಅವರ ಕೂಲಿಯೂ ಹೋಯಿತು.

ಅದರ ಬದಲು ಕ್ಯಾಮೆರಾವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದರೆ? ಗುಳಿಗೆ ತಗೊಳ್ಳಲು ಬಂದ ದಿನವೇ ನರ್ಸ್ ಫೋಟೊ ತೆಗೆದು, ಹೋಗಬೇಕಾದವರನ್ನಷ್ಟೇ ವಿಜಯಪುರಕ್ಕೆ ಕಳಿಸಬಹುದು. ಇದು ಸುಮ್ನೆ ಕಟ್ಟಿದ ಕನಸಲ್ಲ. 2016ರಲ್ಲಿ ಗೂಗಲ್ ಸಂಶೋಧಕರು 1,28,175 ರೆಟಿನಾ ಫೋಟೊ ತೋರಿಸಿ ಕಲಿಸಿದ ಎಐ ಬಗ್ಗೆ ಬರೆದರು. ಅದು ಈ ಕಾಯಿಲೆಯನ್ನು ಕಣ್ಣಿನ ಡಾಕ್ಟರಿಗೆ ಸಮನಾಗಿ ಗುರುತಿಸಿತು. ಅದಕ್ಕೆ ಪಾಠ ಹೇಳಿದ ಕಣ್ಣುಗಳಲ್ಲಿ ನಮ್ಮವೂ ಇದ್ದವು. ಅರವಿಂದ, ಶಂಕರ ನೇತ್ರಾಲಯ, ಬೆಂಗಳೂರಿನ ನಾರಾಯಣ ನೇತ್ರಾಲಯ, ಈ ಮೂರೂ ಕಣ್ಣಿನ ಆಸ್ಪತ್ರೆಗಳಿಂದ ಫೋಟೊ ಹೋಗಿದ್ದವು. 2018ರ ಏಪ್ರಿಲ್‌ನಲ್ಲಿ ಔಷಧಿ, ವೈದ್ಯಕೀಯ ಸಾಧನಗಳಿಗೆ ಅನುಮತಿ ಕೊಡುವ ಅಮೆರಿಕದ ಎಫ್‌ಡಿಎ ಇಂಥದ್ದೇ ಬೇರೊಂದು ಎಐ ಸಾಧನಕ್ಕೆ ಒಪ್ಪಿಗೆ ಕೊಟ್ಟಿತು. ಫೋಟೊವನ್ನು ತಜ್ಞರು ನೋಡದಿದ್ದರೂ ಅದು ತಾನೇ ಫಲಿತಾಂಶ ಹೇಳುತ್ತದೆ. ಕ್ಷಯದ ವಿಷಯದಲ್ಲೂ ಅಷ್ಟೇ. 15 ವರ್ಷ ಮತ್ತು ಮೇಲಿನವರ ಎದೆ ಎಕ್ಸ್‌ರೇಯನ್ನು ಮನುಷ್ಯರ ಬದಲು ಸಾಫ್ಟ್‌ವೇರ್ ಓದಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಹೇಳಿದೆ.

ಎಐ ತಪ್ಪು ಮಾಡುವುದಿಲ್ಲವಾ? ಮಾಡುತ್ತದೆ. ಆದರೆ ಹೋಲಿಸುವುದು ಯಾರ ಜೊತೆ? ದೊಡ್ಡವ್ವನ ಊರಲ್ಲಿ ಆ ಜಾಗದಲ್ಲಿ ಇರುವುದು ತಜ್ಞ ಡಾಕ್ಟರಲ್ಲ, ಖಾಲಿ ಕುರ್ಚಿ. ತಡ ಮಾಡಿದ್ದರ ಲೆಕ್ಕ ಯಾವ ಫೈಲಿನಲ್ಲೂ ಬರುವುದಿಲ್ಲ. ಅವಳ ಎಡಗಣ್ಣಿನಲ್ಲಿ ಬಂದಿದೆ.

ವಿರೋಧ: ಮೊದಲು ಇಲ್ಲೇ ಪರೀಕ್ಷೆಯಾಗಲಿ

ಖಾಲಿ ಕುರ್ಚಿಯ ಮಾತು ಕೇಳೋಕೆ ಚೆಂದ. ಅದರಲ್ಲಿ ಏನನ್ನು ಕೂರಿಸುತ್ತಿದ್ದೇವೆ ಅಂತ ಕೇಳಬಾರದಾ?

ಗೂಗಲ್ ತಂಡವೇ ತನ್ನ ಕಣ್ಣಿನ ಎಐ ಅನ್ನು ಥಾಯ್ಲೆಂಡಿನ 11 ಕ್ಲಿನಿಕ್‌ಗಳಲ್ಲಿ ಇಟ್ಟು ನೋಡಿ, ಕಂಡದ್ದನ್ನು 2020ರಲ್ಲಿ ಬರೆಯಿತು. ಐದರಲ್ಲಿ ಒಂದಕ್ಕಿಂತ ಜಾಸ್ತಿ ಫೋಟೊಗಳನ್ನು ಎಐ 'ಸರಿಯಿಲ್ಲ' ಅಂತ ತಳ್ಳಿಹಾಕಿತ್ತು. ಎಷ್ಟೋ ಕಡೆ ಫೋಟೊ ತೆಗೆಯಲು ಕತ್ತಲೆ ಕೋಣೆ ಇರಲಿಲ್ಲ. ನೆಟ್ ನಿಧಾನ. ಫೋಟೊ ಸರಿ ಬಾರದವರು ಇನ್ನೊಂದು ದಿನ, ಇನ್ನೊಂದು ಊರಿಗೆ ಹೋಗಬೇಕು. ಅಲ್ಲಿಗೆ ಉಳಿಯಬೇಕಿದ್ದ ಕೂಲಿ ಮತ್ತೆ ಹೋಯಿತು. ಇಂಡಿ ತಾಲೂಕಿನಲ್ಲಿ ಏಪ್ರಿಲ್ ಮಧ್ಯಾಹ್ನ ಕರೆಂಟ್ ಹೋದ ಆಸ್ಪತ್ರೆಯನ್ನು ಒಮ್ಮೆ ನೆನೆಸಿಕೊಳ್ಳಿ.

ಇದು ರಿಪೇರಿ ಆಗುವಂಥದ್ದು ಅನ್ನಿ. ಎಐ ಏನು ನೋಡಿ ತೀರ್ಮಾನ ಹೇಳುತ್ತದೆ ಅನ್ನೋದು ಅದಕ್ಕಿಂತ ದೊಡ್ಡ ತೊಡಕು. ಅಮೆರಿಕದಲ್ಲಿ ನ್ಯುಮೋನಿಯಾ ಹುಡುಕಲು ಕಲಿತ ಒಂದು ಎಐಗೆ, ಎಕ್ಸ್‌ರೇ ಯಾವ ಆಸ್ಪತ್ರೆಯದ್ದು ಅನ್ನೋದೂ ಗೊತ್ತಾಗಿಬಿಡುತ್ತಿತ್ತು ಅಂತ 2018ರಲ್ಲಿ ಪತ್ತೆಯಾಯಿತು. ಒಂದು ಆಸ್ಪತ್ರೆಗೆ ನ್ಯುಮೋನಿಯಾದವರು ಜಾಸ್ತಿ ಬರುತ್ತಿದ್ದರೆ, ಎದೆ ಬಿಟ್ಟು ಆಸ್ಪತ್ರೆಯ ಗುರುತು ನೋಡಿಯೇ ಉತ್ತರ ಹೇಳಬಹುದಲ್ಲ! ಪಕ್ಕದವನ ಪೇಪರ್ ನೋಡಿ ಬರೆದ ಹಾಗೆ. ಹಾಗಾದರೆ ಇಳಕಲ್ಲಿನ ಕಲ್ಲು ಕ್ವಾರಿಯಲ್ಲಿ ದುಡಿದವರ ಎದೆ ಎಕ್ಸ್‌ರೇ ಕೊಟ್ಟರೆ ಏನಾಗುತ್ತದೆ? ಕಲ್ಲಿನ ಧೂಳು ಕೂತ ಪುಪ್ಪಸ ಯಾವುದು, ಕ್ಷಯ ಯಾವುದು ಅಂತ ಡಾಕ್ಟರುಗಳೇ ತಡವರಿಸುತ್ತಾರೆ. ಅಂಥ ಎದೆಗಳನ್ನು ಕಂಡೇ ಇಲ್ಲದ ಸಾಫ್ಟ್‌ವೇರ್ ಏನು ಹೇಳೀತು?

2019ರಲ್ಲಿ ಇನ್ನೊಂದು ಹೊರಬಿತ್ತು. ಯಾರಿಗೆ ಹೆಚ್ಚಿನ ಆರೈಕೆ ಬೇಕು ಅಂತ ಹೇಳಲು ಅಮೆರಿಕದ ಆಸ್ಪತ್ರೆಗಳಲ್ಲಿ ಒಂದು ಲೆಕ್ಕಾಚಾರದ ಸಾಫ್ಟ್‌ವೇರ್ ಬಳಸುತ್ತಿದ್ದರು. ಅದು ಕಾಯಿಲೆಯನ್ನು ಅಳೆಯುತ್ತಿದ್ದುದು ಆಸ್ಪತ್ರೆ ಖರ್ಚಿನಿಂದ. ಕಪ್ಪು ಜನರ ಮೇಲೆ ಖರ್ಚಾಗುತ್ತಿದ್ದುದೇ ಕಡಿಮೆ. ಹಾಗಾಗಿ ಅಷ್ಟೇ ಕಾಯಿಲೆ ಇದ್ದರೂ ಅವರು ಹಿಂದೆ ಉಳಿಯುತ್ತಿದ್ದರು. ಇದನ್ನು ಓದಿದಾಗ ನನಗೆ ದೊಡ್ಡವ್ವನೇ ಕಣ್ಣಮುಂದೆ ಬಂದಳು. ಹತ್ತು ವರ್ಷ ಅವಳು ಕಣ್ಣಿಗೆ ಒಂದು ರೂಪಾಯಿ ಖರ್ಚು ಮಾಡಿರಲಿಲ್ಲ. ಆ ಲೆಕ್ಕದಲ್ಲಿ ಅವಳ ಕಣ್ಣು ಪಕ್ಕಾ ಆರೋಗ್ಯವಾಗಿತ್ತು, ಅಲ್ವಾ?

ಒಪ್ಪಿಗೆಯ ಮಾತಿಗೆ ಬರೋಣ. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2023ರಲ್ಲಿ ಆರೋಗ್ಯದ ಎಐಗೆ ನೀತಿಯ ಮಾರ್ಗಸೂಚಿ ಕೊಟ್ಟಿದೆ. ತಿಳಿಸಿ ಒಪ್ಪಿಗೆ ಪಡೆಯುವುದು, ತಪ್ಪಾದರೆ ಹೊಣೆ ಹೊರುವುದು, ಎಲ್ಲಾ ಅದರಲ್ಲಿದೆ. ಕಾಗದದ ಮೇಲೆ ಸರಿ. ನಮ್ಮಲ್ಲಿ ಒಂದೇ ಸಾಲಿನಲ್ಲಿ ಕನ್ನಡ, ಉರ್ದು, ಲಂಬಾಣಿ ಮಾತಾಡುವವರು ನಿಂತಿರುತ್ತಾರೆ. ನಿಮ್ಮ ಕಣ್ಣಿನ ಫೋಟೊ ಎಲ್ಲಿಗೆ ಹೋಗುತ್ತದೆ, ಅದರಿಂದ ಇನ್ನೊಂದು ಎಐಗೆ ಪಾಠ ಹೇಳುತ್ತಾರಾ ಅಂತ ಅವರಿಗೆ ತಿಳಿಯುವ ಹಾಗೆ ಹೇಳುವವರು ಯಾರು? ಹೆಬ್ಬೆಟ್ಟು ಒತ್ತಿಸಿಕೊಂಡರೆ ಮುಗೀತಾ? ತಪಾಸಣೆ ನಡೆಸುವ ಮೊದಲು ಚಿಕಿತ್ಸೆಯ ಅನುಕೂಲ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಗಾಗಿ 1968ರಲ್ಲೇ ಬರೆದಿಟ್ಟ ಮಾತಿದೆ. ಕಾಯಿಲೆ ಇದೆ ಅಂದು, ಲೇಸರಿಗೆ ಎಲ್ಲಿಗೆ ಹೋಗಬೇಕು ಅಂತ ಹೇಳದಿದ್ದರೆ ಅವರಿಗೆ ಸಿಕ್ಕಿದ್ದು ನಿದ್ದೆ ಇಲ್ಲದ ರಾತ್ರಿ ಅಷ್ಟೇ.

ಹಾಗಂತ ಬೇಡವೇ ಬೇಡ ಅನ್ನುತ್ತಿಲ್ಲ. ಪಕ್ಕದ ಬೆಳಗಾವಿಯನ್ನು ನೋಡಿ. ಹೆರಿಗೆಯಾದ ಮೇಲೆ ವಿಪರೀತ ರಕ್ತ ಹೋಗುವುದನ್ನು ತಡೆಯುವ ಮಿಸೊಪ್ರೊಸ್ಟಾಲ್ ಗುಳಿಗೆಯನ್ನು ಆ ಜಿಲ್ಲೆಯ ಹಳ್ಳಿಗಳಲ್ಲೇ 1,620 ಹೆಂಗಸರಲ್ಲಿ ಪರೀಕ್ಷಿಸಿದರು. ಕೊಟ್ಟವರು ದೊಡ್ಡ ಡಾಕ್ಟರುಗಳಲ್ಲ, ಹಳ್ಳಿಯಲ್ಲಿ ಹೆರಿಗೆ ನೋಡುವ ನರ್ಸ್‌ಗಳಾದ ಎಎನ್‌ಎಂಗಳು. ಹೋಲಿಸಿ ನೋಡಲು ಅರ್ಧದಷ್ಟು ಜನರಿಗೆ ಕೊಟ್ಟದ್ದು ಔಷಧಿಯೇ ಇಲ್ಲದ ಗುಳಿಗೆ. (ಅದು ಸರಿಯಾ ಅನ್ನೋದೇ ಇನ್ನೊಂದು ಪರ-ವಿರೋಧ.) ಅಂಥ ರಕ್ತಸ್ರಾವ ಖಾಲಿ ಗುಳಿಗೆಯವರಲ್ಲಿ ನೂರಕ್ಕೆ 12 ಇದ್ದರೆ, ಔಷಧಿ ಪಡೆದವರಲ್ಲಿ 6.4ಕ್ಕೆ ಇಳಿದಿತ್ತು. 2006ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಅದು ಅಚ್ಚಾಯಿತು, 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಗುಳಿಗೆಯನ್ನು ಈ ಬಳಕೆಗೆಂದು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಒಂದು ಗುಳಿಗೆಗೆ ಇಷ್ಟು ಮಾಡಿದವರು ನಾವು. ಸಾಫ್ಟ್‌ವೇರ್ ಅಂದ ತಕ್ಷಣ ಯಾಕೆ ಅವಸರ?

ಇಂಡಿ, ಸಿಂದಗಿಯ ಕೆಲವು ಆರೋಗ್ಯ ಕೇಂದ್ರಗಳಲ್ಲಿ ಒಂದು ವರ್ಷ ನಡೆಸಲಿ. ಎಐ 'ಕಳಿಸಿ' ಅಂದವರನ್ನು ಡಾಕ್ಟರ್ ಹೇಗೂ ನೋಡುತ್ತಾರೆ. 'ಬೇಡ' ಅಂದವರಲ್ಲೂ ಕೆಲವರನ್ನು ಚೀಟಿ ಎತ್ತಿ ಕರೆಸಿ, ಕೂಲಿ ಕೊಟ್ಟು, ಡಾಕ್ಟರಿಂದ ನೋಡಿಸಲಿ. ಎಐ ಕೈಬಿಟ್ಟ ಕಣ್ಣುಗಳು ಸಿಗುವುದು ಆ ಸಾಲಿನಲ್ಲೇ. ದೊಡ್ಡವ್ವನ ಬಲಗಣ್ಣಿನ ಫೋಟೊ ಕೊಡಿಸಲು ನಾನು ತಯಾರು. ಅವಳನ್ನು ಮಾತ್ರ ಇನ್ನೂ ಕೇಳಿಲ್ಲ.