ಬೇಲಿಯ ಲೆಕ್ಕ, ಬೆಳೆಯ ಲೆಕ್ಕ

ಆರನೇ ಕ್ಲಾಸಿನ ಮಕ್ಕಳನ್ನು ಸುತ್ತಳತೆ ಅಂದರೇನು ಅಂತ ಕೇಳಿ, ಥಟ್ಟನೆ ಹೇಳುತ್ತಾರೆ: ಉದ್ದ ಅಗಲ ಕೂಡಿಸಿ ಎರಡರಿಂದ ಗುಣಿಸೋದು. ವಿಸ್ತೀರ್ಣ? ಉದ್ದ ಅಗಲ ಗುಣಿಸೋದು. ಎರಡೂ ಸರಿ. ಹದಿನೈದು ದಿನ ಬಿಟ್ಟು ಕೇಳಿ. ಅದು ಇದಾಗಿರುತ್ತದೆ, ಇದು ಅದಾಗಿರುತ್ತದೆ. ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಪುಸ್ತಕದಲ್ಲಿ ಎರಡಕ್ಕೂ ಚಿತ್ರ ಒಂದೇ. ಅದೇ ಆಯತ, ಅದೇ ಉದ್ದ, ಅದೇ ಅಗಲ. ಕೂಡಬೇಕೋ ಗುಣಿಸಬೇಕೋ ಅನ್ನೋದು ಆ ಹೊತ್ತಿನ ಧೈರ್ಯಕ್ಕೆ ಬಿಟ್ಟದ್ದು.

ಅದಕ್ಕೇ ಈ ಪಾಠ ಬಂದಾಗ ನಾನು ಹುಡುಗರನ್ನು ಮೈದಾನಕ್ಕೆ ಇಳಿಸಿಬಿಡುತ್ತೇನೆ. ಸಾಮಾನು ಜಾಸ್ತಿ ಬೇಡ. ಒಂದು ಟೇಪು, ನಾಲ್ಕು ಗೂಟ, ಒಂದಿಷ್ಟು ಹಗ್ಗ. ಟೇಪಿನ ತುದಿ ಯಾರು ಹಿಡಿಯಬೇಕು ಅನ್ನೋದಕ್ಕೇ ಮೊದಲ ಜಗಳ. ಗೆದ್ದವನು ಕೊಂಡಿಗೆ ಬೆರಳು ಸಿಕ್ಕಿಸಿಕೊಂಡು ನಿಲ್ಲುತ್ತಾನೆ, ಸೊನ್ನೆ ಎಲ್ಲಿಂದ ಶುರು ಅಂತ ನೋಡುವುದಿಲ್ಲ. ಆ ಕಡೆಯವಳು "ಹದಿಮೂರು!" ಅಂತ ಕೂಗುವ ಹೊತ್ತಿಗೆ ಇವನು ಕಾಲು ಕೆರೆದುಕೊಳ್ಳಲು ಬಗ್ಗಿರುತ್ತಾನೆ. ಟೇಪೂ ಅವನ ಜೊತೆ ಒಂದು ಗೇಣು ಜರುಗಿರುತ್ತದೆ. ಮತ್ತೆ ಅಳತೆ. ಎರಡು ಸಲ ಅಳೆದರೆ ಎರಡು ಉತ್ತರ ಬರಬಹುದು ಅನ್ನೋದು ಅವರಿಗೆ ದೊಡ್ಡ ಸುದ್ದಿ. ಪುಸ್ತಕದ ಆಯತ ಯಾವತ್ತೂ ಹಾಗೆ ಮಾಡಿರಲಿಲ್ಲ.

ಮೊದಲು ಕಬಡ್ಡಿ ಅಂಕಣ. ದೊಡ್ಡ ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಸುತ್ತ ಗೆರೆ ಎಳೆಯಲು 46 ಮೀಟರಿಗೆ ಸುಣ್ಣದ ಪುಡಿ ಬೇಕು. ಧೂಳು ಅಡಗಲು 130 ಚದರ ಮೀಟರಿಗೆ ನೀರು ಬೇಕು. ಸುಣ್ಣದ ಹುಡುಗ ಹಗ್ಗದ ಗುಂಟ ಹೋಗಿ ಬಂದರೆ ಅವನ ಕೆಲಸ ಮುಗಿಯಿತು. ನೀರಿನವರ ಪಾಡು ಹಾಗಲ್ಲ. ಎಷ್ಟು ಬಿಂದಿಗೆ ಸುರಿದರೂ ನಡುವೆ ಎಲ್ಲೋ ಒಣಗಿದ ಜಾಗ ಉಳಿದೇ ಇರುತ್ತದೆ. ಗೆರೆಯ ಕೆಲಸ ಬೇರೆ, ಹರಡುವ ಕೆಲಸ ಬೇರೆ ಅಂತ ಕೈಕಾಲು ಸೋತಮೇಲೆ ಯಾರಿಗೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಆಗ ಒಬ್ಬ ಕೇಳಿದ: "ಸಾರ್, ನಡುಗೆರೆಗೂ ಸುಣ್ಣ ಬೇಕಲ್ವಾ? ಅದು ಸುತ್ತಳತೆಗೆ ಸೇರುತ್ತಾ?" ಒಳ್ಳೇ ಪ್ರಶ್ನೆ. ಸ್ವಲ್ಪ ತಡಿಯಪ್ಪಾ ಅಂದೆ.

ಆಮೇಲೆ ಗುಂಟೆ. ಹಿಂದೆ ಕಂದಾಯ ಸರ್ವೆಯವರು ಎಳೆಯುತ್ತಿದ್ದ ಸರಪಳಿಯ ಉದ್ದ 33 ಅಡಿ. ಅದನ್ನೇ ನಾಲ್ಕೂ ಕಡೆ ಹಿಡಿದು ಚೌಕ ಮಾಡಿದರೆ ಒಂದು ಗುಂಟೆ, 1089 ಚದರ ಅಡಿ. ಚೌಕದ ಮೂಲೆ ಸರಿಯಾಗಬೇಕಲ್ಲ, ಅದಕ್ಕೆ ಮೇಸ್ತ್ರಿಗಳ ಉಪಾಯವಿದೆ. ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿಗೆ ಗುರುತು ಮಾಡಿ, ಎರಡರ ನಡುವೆ 5 ಅಡಿ ಬಂದರೆ ಮೂಲೆಮಟ್ಟ ಸರಿ. (ಪೈಥಾಗೊರಸ್ ಮಹಾಶಯರನ್ನು ಇಲ್ಲಿ ಕರೆಯುವುದಿಲ್ಲ. ಇನ್ನೂ ಸ್ವಲ್ಪ ವರ್ಷ ಕಾಯಲಿ.) ಗುಂಟೆಯೊಳಗೆ ಎಲ್ಲರೂ ನಿಂತರೆ "ಇಷ್ಟೇನಾ?" ಅನ್ನುವವರು ಕೆಲವರು, "ಇಷ್ಟು ದೊಡ್ಡದಾ?" ಅನ್ನುವವರು ಕೆಲವರು. ಹುಟ್ಟಿದಾಗಿನಿಂದ ಆ ಮಾತು ಕೇಳಿದ್ದಾರೆ, ಒಳಗೆ ನಿಂತು ನೋಡಿಲ್ಲ. ಪಕ್ಕದಲ್ಲೇ ಒಂದು 30-40 ಸೈಟೂ ಹಾಕಿಸುತ್ತೇನೆ. ಅದು ಗುಂಟೆಗಿಂತ 111 ಚದರ ಅಡಿ ಜಾಸ್ತಿ. ಕೂಡಲೇ ಒಬ್ಬಳು ಎಕರೆಯನ್ನು ಸೈಟಿನಿಂದ ಭಾಗಿಸಿ, ಮೂವತ್ತಾರು ಸೈಟು ಅಂದಳು. ರಸ್ತೆ ಎಲ್ಲಮ್ಮಾ ಅಂದೆ. ಆ ಪ್ರಶ್ನೆ ಕೇಳಿಕೊಳ್ಳದ ದೊಡ್ಡವರೂ ಇದ್ದಾರೆ, ಬಿಡಿ.

ಜಮೀನಿನ ದಾಖಲೆ, ಅಂದರೆ ಪಹಣಿ ತರಿಸಿದರೆ ಇನ್ನೂ ಮಜಾ. ಅದರಲ್ಲಿ 1.20 ಅಂತಿರುತ್ತದೆ. ದಶಮಾಂಶ ಕಲಿತ ಹುಡುಗ ಒಂದು ಪಾಯಿಂಟ್ ಎರಡು ಎಕರೆ ಅಂತಾನೆ. ಅಕ್ಷರ ಬಾರದ ಅವನ ಅಜ್ಜಿ ಒಂದೂವರೆ ಅಂತಾಳೆ. ಅಜ್ಜಿಯೇ ಸರಿ. ಚುಕ್ಕಿಯ ಈಚೆ ಇರೋದು ಗುಂಟೆ, ಎಕರೆಗೆ ಗುಂಟೆ ನಲವತ್ತು. 1.25ಕ್ಕೆ 0.30 ಕೂಡಿದರೆ 2.15 ಆಗುವ ಲೆಕ್ಕ ನಮ್ಮ ಸೀಮೆಯ ಮಕ್ಕಳಿಗೆ ಬರಲೇಬೇಕು ಅಂತ ನನ್ನ ಹಟ. ಪರೀಕ್ಷೆಗೆ ಬರೋದಿಲ್ಲ, ಗೊತ್ತು.

ಹೊಲಗಳು ಆಯತ ಅಲ್ವಲ್ಲ ಸಾರ್ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಆಗ ಒಂದೊಂದು ಮೀಟರಿನ ನಾಲ್ಕು ಕೋಲುಗಳನ್ನು ತುದಿ ಕಟ್ಟಿ ಚೌಕ ಮಾಡಿ, ಒಂದು ಮೂಲೆ ಹಿಡಿದು ನಿಧಾನವಾಗಿ ಒತ್ತಿಸುತ್ತೇನೆ. ಸುತ್ತಳತೆ ನಾಲ್ಕು ಮೀಟರೇ. ಒಳಗಿನ ಜಾಗ ಮಾತ್ರ ಸೊರಗುತ್ತಾ ಹೋಗುತ್ತದೆ. ಎದುರುಬದುರು ಬದಿಗಳ ಸರಾಸರಿ ತೆಗೆದು ಗುಣಿಸುವ ಹಳ್ಳಿ ಲೆಕ್ಕ ಇದೆಯಲ್ಲ, ಅದು ಕೋಲುಗಳು ಪೂರ್ತಿ ಚಪ್ಪಟೆಯಾದರೂ ಒಂದು ಚದರ ಮೀಟರ್ ಅಂತಲೇ ಸಾಧಿಸುತ್ತದೆ. ಮಾರುವವನಿಗೆ ಲಾಭ, ಕೊಳ್ಳುವವನಿಗೆ ಲುಕ್ಸಾನು. ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷನ ಕಾಲದಲ್ಲಿದ್ದ ಗಣಿತಜ್ಞ ಮಹಾವೀರಾಚಾರ್ಯರು ಈ ಸ್ಥೂಲ ಲೆಕ್ಕವನ್ನೂ ಸೂಕ್ಷ್ಮ ಲೆಕ್ಕವನ್ನೂ ಬೇರೆಬೇರೆಯಾಗಿಯೇ ಕೊಟ್ಟಿದ್ದಾರೆ. ಎರಡೂ ಬೇಕಾಗುವ ಜನ ಆಗಲೂ ಇದ್ದರು ಅನ್ನಿ.

ಈಗ ಕಬಡ್ಡಿ ಅಂಕಣದಲ್ಲಿ ಆ ಹುಡುಗ ಕೇಳಿದ ನಡುಗೆರೆ. ಇದನ್ನು ಹೇಳೋದಕ್ಕೆ 66 ಅಡಿ ಚೌಕ ಹಾಕಿಸಿದೆ. ನಾಲ್ಕು ಗುಂಟೆ. ಸುತ್ತ 264 ಅಡಿ ಬೇಲಿ. ಅಪ್ಪನ ಜಮೀನು ಅಂದುಕೊಳ್ಳಿ, ನಾಲ್ಕು ಜನ ಅಣ್ಣತಮ್ಮಂದಿರು ಪಾಲು ಮಾಡಿಕೊಂಡರು ಅಂದೆ. ಹಗ್ಗ ಹಿಡಿದು ಗೆರೆ ಎಳೆದರು. ಒಬ್ಬೊಬ್ಬನಿಗೆ ಒಂದು ಗುಂಟೆ, ಒಬ್ಬೊಬ್ಬನಿಗೆ 132 ಅಡಿ ಬೇಲಿ. ನಾಲ್ಕೂ ಜನರದ್ದು ಕೂಡಿಸಿದರೆ 528. ಜಾಗ ಒಂದಂಗುಲ ಹೆಚ್ಚಲಿಲ್ಲ, ಬೇಲಿ ಎರಡರಷ್ಟಾಯಿತು! ನಡುಗೆರೆ ಅಪ್ಪನ ಸುತ್ತಳತೆಗೆ ಸೇರಿರಲಿಲ್ಲ, ಈಗ ಎರಡೂ ಕಡೆಯವರ ಲೆಕ್ಕಕ್ಕೂ ಸೇರಿತು. ಬದು ಹಾಕೋಣ ಅಂದರು. ಒಳಬದಿಗೆ ಸುತ್ತ ಒಂದೂವರೆ ಅಡಿ ಬದು ಬಿಟ್ಟರೆ, ಅಪ್ಪನ ಕಾಲದಲ್ಲಿ 387 ಚದರ ಅಡಿ ಬದುವಿಗೆ ಹೋಗುತ್ತಿತ್ತು. ಪಾಲಾದ ಮೇಲೆ ಹೋಗೋದು 756. ಲೆಕ್ಕ ಬರೆದ ಹುಡುಗಿ ಎರಡೆರಡು ಸಲ ತಾಳೆ ನೋಡಿದಳು. ಅಷ್ಟರಲ್ಲಿ ಅಣ್ಣತಮ್ಮಂದಿರಾಗಿ ನಿಂತಿದ್ದ ನಾಲ್ವರು ಹುಡುಗರು ಗೂಟ ಯಾರ ಕಡೆ ಜಾಸ್ತಿ ಸರಿದಿದೆ ಅಂತ ನಿಜವಾಗಿಯೇ ತಳ್ಳಾಡುತ್ತಿದ್ದರು. ಯಾರೂ ಹೇಳಿಕೊಟ್ಟಿರಲಿಲ್ಲ.

ಮಾರನೇ ಬೆಳಿಗ್ಗೆ ಒಬ್ಬ ಹುಡುಗನ ಅಪ್ಪ ಸ್ಕೂಲಿನ ಗೇಟಿನ ಹತ್ತಿರ ಕಾಯುತ್ತಿದ್ದರು. "ಮೇಷ್ಟ್ರೇ, ಪಾಠ ಚೆನ್ನಾಗಿ ಮಾಡ್ತೀರಂತೆ, ಸಂತೋಷ. ಆದ್ರೆ ನಮ್ಮ ಹುಡುಗ ಟೇಪು ತಂದು ಹೊಲದ ಬದು ಅಳೀತೀನಿ ಅಂತ ಕೂತಿದಾನೆ. ನಮಗೂ ಪಕ್ಕದೋರಿಗೂ ಮೊದಲೇ ಮಾತಿಲ್ಲ. ದಯವಿಟ್ಟು ಟೇಪು ಸ್ಕೂಲಲ್ಲೇ ಇಟ್ಕೊಳ್ಳಿ."

ಇಟ್ಟುಕೊಂಡೆ. ಅವನು ಹಗ್ಗಕ್ಕೆ ಅಡಿ ಅಡಿಗೂ ಗಂಟು ಹಾಕಿಕೊಂಡು ಹೋಗಿದ್ದ ಅನ್ನೋದು ಆಮೇಲೆ ಗೊತ್ತಾಯಿತು.